ಸಾಕಮ್ಮನ ಈಚಲು ಮರಕ್ಕೆ ಗೀಜಗ ಬರಲಿಲ್ಲ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಕೆ.ಆರ್. ನಗರದ ಆಚೆ, ನಾಲೆ ಏರಿಯ ಮೇಲೆ ಕತ್ತು ಮೇಲೆತ್ತಿಕೊಂಡು ನಿಂತಿದ್ದೆ. ಎಷ್ಟು ಹೊತ್ತಿನಿಂದ ಎಂದರೆ, ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬರು ಕೆಲಸ ಬಿಟ್ಟು ಏರಿ ಹತ್ತಿ ಬಂದರು.

"ಏನ್ ಕಳ್ಕಂಡ್ರವ್ವ?" ಎಂದರು.

"ಗೀಜಗ" ಎಂದೆ.

ಅವರೂ ಒಂದು ಸಲ ಮೇಲೆ ನೋಡಿದರು. ಅಲ್ಲಿ ಇದ್ದದ್ದು ಕರೆಂಟ್ ತಂತಿ, ತಂತಿಗೆ ತಗುಲುತ್ತದೆ ಎಂದು ತಲೆ ಕತ್ತರಿಸಿದ್ದ ಒಂದು ಜಾಲಿ ಮರ. ಮತ್ತೇನೂ ಇಲ್ಲ.

"ಅವು ಈಗೆಲ್ಲವ್ವ ಬತ್ತವೆ. ನಾನು ಮದ್ವೆಯಾಗಿ ಬಂದಾಗ ಇದ್ವು" ಎಂದು ಹೇಳಿ, ಕಾರಿಗೆ ಒರಗಿಕೊಂಡು ಪೇಪರ್ ಓದುತ್ತಿದ್ದ ನಮ್ಮ ಯಜಮಾನರ ಕಡೆ ಒಂದು ಕರುಣೆಯ ನೋಟ ಬೀರಿ ಏರಿ ಇಳಿದು ಹೋದರು.

ನೀವು ನನ್ನನ್ನು ಬಲ್ಲಿರಿ. ಹುಣಸೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮಗೂ ಪಾಠ ಮಾಡುತ್ತೇನೆ ಎಂದು ಮನೆಯಲ್ಲಿ ಆರೋಪ ಇದೆ. ಹಕ್ಕಿ ನೋಡುವುದು ನನ್ನ ಹವ್ಯಾಸ ಅಲ್ಲ. ನನ್ನ ಹತ್ತಿರ ಬೈನಾಕ್ಯುಲರ್ ಇಲ್ಲ, ಹತ್ತಾರು ಜೇಬಿನ ಪ್ಯಾಂಟೂ ಇಲ್ಲ. ನನಗೆ ಬೇಕಿದ್ದದ್ದು ಗೀಜಗದ ಗೂಡು. ಮೂರು ಭಾನುವಾರ ಅದಕ್ಕಾಗಿ ಅಲೆದೆ. ಯಾಕೆ ಎಂದು ಹೇಳಲು ಸಾಕಮ್ಮನ ವಿಷಯಕ್ಕೆ ಬರಬೇಕು.

ಸಾಕಮ್ಮ ಕಂಪಲಾಪುರದ ಹತ್ತಿರದವರು. ವಯಸ್ಸು ಐವತ್ತೈದು ದಾಟಿರಬಹುದು. ಗಂಡ ಇಲ್ಲ. ಮೈದುನ ನಿಂಗರಾಜು ಜೊತೆಯಲ್ಲೇ ಒಕ್ಕಲುತನ. ಸ್ವಲ್ಪ ರಾಗಿ, ಸ್ವಲ್ಪ ಮುಸುಕಿನ ಜೋಳ, ಮಿಕ್ಕಿದ್ದೆಲ್ಲ ಹೊಗೆಸೊಪ್ಪು. ಜಮೀನಿನ ಮೂಲೆಯಲ್ಲಿ ಒಂದು ತೆರೆದ ಬಾವಿ. ಬಾವಿಯ ಮೇಲೆ ಬಗ್ಗಿ ನಿಂತ ಈಚಲು ಮರ. ಮಳೆ ಹಿಡಿಯುತ್ತಿದ್ದಂತೆ ಆ ಮರದ ಗರಿ ಗರಿಗೂ ಗೀಜಗದ ಗೂಡು ತೂಗುತ್ತಿದ್ದವು. ಹೊಗೆಸೊಪ್ಪು ಮುರಿಯುವ ಕಾಲ ಬಂದರೆ ಸಾಕಮ್ಮ ಅದರ ನೆರಳಿನಲ್ಲೇ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುವುದು. (ಕಟ್ಟಿದ ಕಡ್ಡಿಗಳನ್ನು ಬ್ಯಾರನ್ ಎನ್ನುವ ಎತ್ತರದ ಕೋಣೆಯೊಳಗೆ ಸಾಲಾಗಿ ಇಳಿಬಿಟ್ಟು, ಕೆಳಗೆ ಸೌದೆ ಉರಿಸಿ ಬೇಯಿಸುತ್ತಾರೆ. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ.)

"ಕೆಳಗ್ ನಾನು ಕಟ್ತೀನಿ, ಮ್ಯಾಲೆ ಅವು ಕಟ್ತವೆ. ಬೇಜಾರೇ ಆಗಾಕಿಲ್ಲ ಕಣ್ರವ್ವ" ಎಂದಿದ್ದರು ಸಾಕಮ್ಮ.

ಈ ಮಾತಿಗೆ ನಾನು ಸೋತುಹೋದೆ. ಕಳೆದ ವರ್ಷ ಇದೇ ಅಂಕಣದಲ್ಲಿ ಆ ಮರದ ಬಗ್ಗೆ ಬರೆದೆ. ಮೈತುಂಬ ಗೂಡು, ಹಳದಿ ತಲೆಯ ಗಂಡುಗಳ ಗಲಾಟೆ, ಕೆಳಗೆ ಕೂತ ಸಾಕಮ್ಮ, ಎಲ್ಲ ಬರೆದೆ. ನೀವೂ ಮೆಚ್ಚಿದಿರಿ. ಊರಿನ ಹೆಸರು ಹಾಕಿದ್ದೆ. ಹೆದ್ದಾರಿಯಿಂದ ಎಲ್ಲಿ ತಿರುಗಬೇಕು ಎಂಬುದನ್ನೂ ಹಾಕಿದ್ದೆ. ಬರೆದರೆ ಕರಾರುವಾಕ್ಕಾಗಿ ಬರೆಯಬೇಕು ಎಂದು ನಾನೇ ಮಕ್ಕಳ ಪ್ರಾಜೆಕ್ಟ್ ತಿದ್ದುವಾಗ ಹೇಳುತ್ತಿರುತ್ತೇನೆ, ಅದಕ್ಕೆ.

ಮುಂದಿನ ಭಾನುವಾರ ಮೂರು ಕಾರು ಬಂದವಂತೆ. ಅದರ ಮುಂದಿನ ಭಾನುವಾರ ರಸ್ತೆಯಲ್ಲಿ ಎತ್ತಿನ ಗಾಡಿಗೆ ಜಾಗ ಇರಲಿಲ್ಲವಂತೆ. ಫೋಟೋದವರು, ರೀಲ್ಸ್‌ನವರು, ಡ್ರೋನ್ ತಂದವರು. ಮದುವೆಗೆ ಮುಂಚಿನ ಫೋಟೋಶೂಟ್ ಎಂದು ಒಂದು ಜೋಡಿ ಬಾವಿ ಕಟ್ಟೆಯ ಮೇಲೆ ಕೂತಾಗ, ಹಿಂದೆ ಹಕ್ಕಿ ಹಾರಿದರೆ ಚೆನ್ನಾಗಿರುತ್ತದೆ ಎಂದು ಒಬ್ಬರು ಮರಕ್ಕೆ ಕಲ್ಲು ಬೀಸಿದರಂತೆ. ಕೊನೆಗೆ ಒಬ್ಬಾತ ಏಣಿ ತಂದ. "ಖಾಲಿ ಗೂಡು ಮಾತ್ರ ತಗೊಳ್ತೀನಿ, ಡೆಕೊರೇಷನ್ ಕೆಲಸಕ್ಕೆ" ಎಂದು ಅಕ್ಕಪಕ್ಕದವರಿಗೆ ಹೇಳಿ, ಗೋಣಿಚೀಲ ತುಂಬಿಕೊಂಡು ಹೊರಟುಹೋದ. ಅವತ್ತು ಸಾಕಮ್ಮ ಪಿರಿಯಾಪಟ್ಟಣಕ್ಕೆ ಹೋಗಿದ್ದರು. ವಾಪಸ್ ಬರುವಷ್ಟರಲ್ಲಿ ಮರ ಬೋಳಾಗಿತ್ತು.

ಸಾಕಮ್ಮ ನನಗೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಸಿಕೊಂಡ ಮೇಲೆ ಮನುಷ್ಯ ಸ್ವಲ್ಪ ಹಗುರವಾಗಿ ಊಟ ಮಾಡಬಹುದು.

ಈ ವರ್ಷ ಆಷಾಢ ಕಳೆದ ಮೇಲೆ ಅವರೇ ಫೋನ್ ಮಾಡಿದರು.

"ಟೀಚರಮ್ಮ, ಈ ಸಲ ಒಂದೂ ಬರ್ನಿಲ್ಲ."

"ಇನ್ನೂ ಟೈಮ್ ಇದೆ ಸಾಕಮ್ಮ" ಎಂದೆ. ಟೈಮ್ ಇರಲಿಲ್ಲ ಎಂದು ನನಗೆ ಗೊತ್ತಿತ್ತು. ಗೀಜಗ ಬರುವ ಹಾಗಿದ್ದರೆ ಅಷ್ಟು ಹೊತ್ತಿಗೆ ಅರ್ಧ ಗೂಡು ಕಟ್ಟಿರಬೇಕಿತ್ತು.

"ಅದಲ್ಲ ಕಣ್ರವ್ವ. ನಿಂಗರಾಜ ಜೆಸಿಬಿಯವ್ನ್ ತಾವ ಮಾತಾಡವ್ನೆ."

ನಿಂಗರಾಜು ಕೆಟ್ಟವರಲ್ಲ. ಬೋರ್‌ವೆಲ್ ಹಾಕಿಸಿದ ಮೇಲೆ ಆ ಬಾವಿಯ ನೀರು ಯಾರಿಗೂ ಬೇಡ. ಟ್ರ್ಯಾಕ್ಟರ್ ತಿರುಗಿಸಲು ಆ ಮೂಲೆಯಲ್ಲಿ ಜಾಗ ಸಾಲದು. ಮರ ತೆಗೆದು, ಬಾವಿ ಮುಚ್ಚಿ, ನೆಲ ಸಮ ಮಾಡಬೇಕು ಎಂದು ಅವರು ಹೇಳುತ್ತಿದ್ದದ್ದು ಇವತ್ತು ನಿನ್ನೆಯಿಂದಲ್ಲ. ಆದರೂ ಮುಟ್ಟಿರಲಿಲ್ಲ. ಯಾಕೆ ಗೊತ್ತಾ?

ಅವರ ಮನೆತನದಲ್ಲಿ ಒಂದು ನಡವಳಿಕೆ ಇದೆ. ನಿಮ್ಮ ಊರಿನಲ್ಲೂ ಇದ್ದೀತು. ಗೂಡಿರುವ ಮರಕ್ಕೆ ಮಚ್ಚು ಹಾಕುವುದಿಲ್ಲ. ಮರಿ ಹಾರಿಹೋಗಿ, ಗೂಡು ತಾನಾಗಿ ಕಳಚಿ ಬಿದ್ದ ಮೇಲೆಯೇ ಮರ ಮುಟ್ಟುವುದು. ಗೀಜಗದ ಗೂಡು ಅಷ್ಟು ಸುಲಭಕ್ಕೆ ಬೀಳುವುದಿಲ್ಲ. ಈ ವರ್ಷದ್ದು ಒಣಗಿ ತೂಗಾಡುತ್ತಿರುವಾಗಲೇ ಮುಂದಿನ ವರ್ಷದ ಹಸಿರು ಗೂಡು ಶುರುವಾಗಿರುತ್ತದೆ. ಹಾಗಾಗಿ ಆ ಈಚಲು ಮರ ಗೂಡಿಲ್ಲದೆ ಇದ್ದ ದಿನವೇ ಇರಲಿಲ್ಲ. ಏಣಿಯವನು ಗೋಣಿಚೀಲದಲ್ಲಿ ಹೊತ್ತುಕೊಂಡು ಹೋದದ್ದು ಬರೀ ಒಣಹುಲ್ಲನ್ನಲ್ಲ, ಆ ಮರಕ್ಕಿದ್ದ ಕಾವಲನ್ನು.

"ಗೌರಿ ಹಬ್ಬದ ಗಂಟ ನೋಡ್ತೀನಿ ಅತ್ಗೆ. ಒಂದೇ ಒಂದು ಗೂಡು ಕಂಡ್ರೂ ಸೈ, ಮುಟ್ಟಾಕಿಲ್ಲ. ಕಾಣ್ದಿದ್ರೆ ಕಡೀಬ್ಯಾಡ ಅಂತ ನಂಗೆ ಏಳ್ಬ್ಯಾಡ" ಎಂದಿದ್ದರಂತೆ ನಿಂಗರಾಜು.

ಇದನ್ನು ಹೇಳಿ ಸಾಕಮ್ಮ ಕೇಳಿದರು: "ನೀವ್ ಓದಿರೋರು. ಏನಾರ ಮಾಡಾಕಾಯ್ತದಾ?"

ಓದಿದವಳು ಯೋಚನೆ ಮಾಡಿದೆ. ಯೋಚನೆ ಮಾಡಿದ್ದೇ ತಪ್ಪಾಯಿತು.

ಗೀಜಗದ ಸಂಸಾರ ಹೀಗೆ: ಗಂಡು ಅರ್ಧ ಮನೆ ಕಟ್ಟುತ್ತದೆ, ತಲೆಕೆಳಗಾದ ಟೋಪಿಯಷ್ಟು. ಹೆಣ್ಣು ಬಂದು ಒಳಗೆ ಹೊಕ್ಕು, ಎಳೆದು, ಜಗ್ಗಿ ನೋಡುತ್ತದೆ. ಒಪ್ಪಿದರೆ ಗಂಡು ಮಿಕ್ಕಿದ್ದನ್ನು ಮುಗಿಸಿ, ಕೆಳಗೆ ಉದ್ದಕ್ಕೆ ಬಾಲದ ಹಾಗೆ ಕೊಳವೆಯಂಥ ಬಾಗಿಲು ಇಳಿಬಿಡುತ್ತದೆ. ಒಪ್ಪದಿದ್ದರೆ ಆ ಅರ್ಧ ಮನೆ ಹಾಗೇ ಬಿಟ್ಟು ಇನ್ನೊಂದು ಶುರು. (ನಮ್ಮ ಯಜಮಾನರು ಪೂರ್ತಿ ಮನೆ ಕಟ್ಟಿಸಿದ ಮೇಲೆ ನನಗೆ ತೋರಿಸಿದರು. ಅಡುಗೆಮನೆಯ ಕಿಟಕಿ ವಿಷಯಕ್ಕೆ ಇವತ್ತಿಗೂ ಮಾತು ನಡೆಯುತ್ತದೆ.) ಹೀಗಾಗಿ ಗೀಜಗ ಇರುವ ಮರದಲ್ಲಿ ಹೆಣ್ಣು ಬೇಡವೆಂದ ಅರ್ಧ ಗೂಡುಗಳು ನಾಲ್ಕಾರು ಇದ್ದೇ ಇರುತ್ತವೆ. ಯಾರಿಗೂ ಬೇಡದವು. ಅವನ್ನು ತಂದು ಸಾಕಮ್ಮನ ಮರಕ್ಕೆ ಕಟ್ಟಿದರೆ? ನಿಂಗರಾಜು ಗೂಡು ಕಾಣುತ್ತಾರೆ, ಮರ ಉಳಿಯುತ್ತದೆ. ಹಳೆ ಗೂಡು ನೋಡಿ ಗೀಜಗಗಳೂ ವಾಪಸ್ ಬಂದರೂ ಬಂದಾವು.

"ಇದು ಮೋಸ ಅಲ್ವೇನೇ?" ಎಂದರು ಯಜಮಾನರು.

"ಉಪಾಯ" ಎಂದೆ.

ಬ್ಯಾಂಕಿನಿಂದ ನಿವೃತ್ತರಾದವರು. ಹೆಂಡತಿಯ ಜೊತೆ ವಾದ ಮಾಡುವುದಕ್ಕಿಂತ ಕಾರಿಗೆ ಪೆಟ್ರೋಲ್ ಹಾಕಿಸುವುದು ಸುಲಭ ಎಂದು ಬಲ್ಲವರು. ಹೊರಟೆವು.

ಮೊದಲ ಭಾನುವಾರ ಪಿರಿಯಾಪಟ್ಟಣದ ಸುತ್ತಮುತ್ತ. ಕಂಡ ಊರಿನಲ್ಲೆಲ್ಲ ಕಾರು ನಿಲ್ಲಿಸಿ ಕೇಳಿದೆವು: ಬಾವಿ ಇದೆಯಾ, ಪಕ್ಕದಲ್ಲಿ ಮರ ಇದೆಯಾ? ಬಾವಿ ಇತ್ತು, ಮುಚ್ಚಿಸಿದ್ವಿ ಎಂದರು. ಈಚಲು ಇತ್ತು, ಕಡಿಸಿದ್ವಿ ಎಂದರು. ಜಾಲಿ? ಅದು ಚೆನ್ನಾಗಿ ಉರಿಯುತ್ತದೆ ಎಂದರು. ನಾನು ಹುಡುಕುತ್ತಿದ್ದ ಮರಗಳೆಲ್ಲ ನನಗೆ ಸಿಕ್ಕವು, ಬ್ಯಾರನ್‌ಗಳ ಪಕ್ಕದಲ್ಲಿ ತುಂಡು ತುಂಡಾಗಿ ಪೇರಿಸಿದ ರಾಶಿಯಲ್ಲಿ. ಒಂದು ತುಂಡಿನ ತೊಗಟೆಯ ಮೇಲೆ ಕೈಯಿಟ್ಟು ನೋಡಿದೆ. ಬೈಯೋಣವೆಂದರೆ ಯಾರನ್ನು ಬೈಯುವುದು? ಅವರವರ ಜಮೀನು, ಅವರವರ ಮರ, ಅವರವರ ಒಲೆ.

ಎರಡನೆಯ ಭಾನುವಾರ ಕೆ.ಆರ್. ನಗರ. ಅಲ್ಲಿ ಕಣ್ಣು ಹಾಯಿಸಿದಷ್ಟೂ ಗದ್ದೆ, ನಾಲೆ ತುಂಬ ನೀರು. ಹೆಣೆಯಲು ಭತ್ತದ ಗರಿ ಇದೆ, ತಿನ್ನಲು ಕಾಳು ಬರುತ್ತದೆ. ಗೂಡು ನೇತುಹಾಕಲು ಒಂದು ಕೊಂಬೆ ಮಾತ್ರ ಇಲ್ಲ. ಇದ್ದ ಜಾಲಿಯ ಕಥೆ ಆಗಲೇ ಹೇಳಿದೆ.

ಮೂರನೆಯ ಭಾನುವಾರ ಎಚ್.ಡಿ. ಕೋಟೆ. ಗೌರಿ ಹಬ್ಬಕ್ಕೆ ಒಂದು ವಾರ ಉಳಿದಿತ್ತು. ಬೀಚನಹಳ್ಳಿಯ ಕಡೆ, ಹಿನ್ನೀರಿನ ದಿಕ್ಕಿಗೆ ಹೋದೆವು. ಕಾಫಿ ಕುಡಿಯದೆ ಯಜಮಾನರ ತಲೆ ಓಡುವುದಿಲ್ಲ, ಹತ್ತಿರದಲ್ಲಿ ಬೇರೆ ಹೋಟೆಲ್ ಇರಲಿಲ್ಲ. ಒಂದು ರೆಸಾರ್ಟ್ ಒಳಗೆ ಹೊಕ್ಕೆವು. ಹೊಕ್ಕವಳು ಬಾಗಿಲಲ್ಲೇ ನಿಂತುಬಿಟ್ಟೆ.

ಮೂರು ವಾರದಿಂದ ಹುಡುಕುತ್ತಿದ್ದ ಗೂಡುಗಳು ಅಲ್ಲಿದ್ದವು. ಹತ್ತೋ ಹನ್ನೆರಡೋ, ಚಾವಣಿಯಿಂದ ಸಾಲಾಗಿ ತೂಗುತ್ತಿದ್ದವು. ಒಂದೊಂದರ ಒಳಗೂ ಒಂದೊಂದು ಬಲ್ಬು.

"ಎಲ್ಲಾ ನ್ಯಾಚುರಲ್ ಮೇಡಂ" ಎಂದಳು ಕೌಂಟರಿನ ಹುಡುಗಿ, ಸಂತೋಷದಿಂದಲೇ.

"ಎಲ್ಲಿಂದ ತಂದಿದ್ದಮ್ಮ?"

"ಸಪ್ಲೈಯರ್ ಕೊಡ್ತಾರೆ ಮೇಡಂ. ಗೆಸ್ಟ್‌ಗಳಿಗೆ ತುಂಬಾ ಇಷ್ಟ ಆಗತ್ತೆ."

ಅದರಲ್ಲಿ ಸಾಕಮ್ಮನ ಮರದ್ದು ಎಷ್ಟು, ಬೇರೆಯವರದು ಎಷ್ಟು? ನನಗೆ ಗೊತ್ತಿಲ್ಲ. ಆ ಹುಡುಗಿಗೂ ಗೊತ್ತಿಲ್ಲ. ನಾನು ಕಾಫಿ ಕುಡಿಯಲಿಲ್ಲ. ಯಜಮಾನರು ಕುಡಿದರು, ಪೂರ್ತಿ ಕುಡಿಯಲಾಗಲಿಲ್ಲ.

ಅಲ್ಲಿಂದ ಅಂತರಸಂತೆಯ ರಸ್ತೆ ಹಿಡಿದೆವು. ವಾಪಸ್ ಹೋಗೋಣ ಎಂದು ಇಬ್ಬರಿಗೂ ಅನ್ನಿಸುತ್ತಿತ್ತು, ಬಾಯಿಬಿಟ್ಟು ಹೇಳಿದವರಿಲ್ಲ. ಊರು ದಾಟಿ ಎಷ್ಟೋ ದೂರ ಹೋದ ಮೇಲೆ, ಕಾಡಿನಂಚಿನ ಒಂದು ಸಣ್ಣ ಕೆರೆ. ಏರಿಯಿಂದ ನೀರಿನ ಮೇಲಕ್ಕೆ ಚಾಚಿದ ಮುದಿ ಜಾಲಿ ಮರ. ಮರದ ತುಂಬ ಗೂಡು.

ಮೊದಲು ಕಿವಿಗೆ ಬಿತ್ತು. ಗಂಡುಗಳು ಗೂಡಿಗೆ ಜೋತುಬಿದ್ದು, ರೆಕ್ಕೆ ಬಡಿದು, ಒಂದೇ ಸಮ ಚಿರ್ರೆನ್ನುತ್ತಿದ್ದವು. ಒಂದು ಹಕ್ಕಿ ಭತ್ತದ ಗರಿಯ ಎಳೆ ತಂದಿತು, ಇನ್ನೊಂದು ಅದನ್ನು ಕಿತ್ತುಕೊಂಡಿತು, ಜಗಳ. ನನಗೆ ಅಳು ಬಂತು. ಐವತ್ತು ದಾಟಿದ ಹೆಂಗಸು, ಹಕ್ಕಿ ನೋಡಿ ಅಳುವುದು ಎಂದರೇನು ಎಂದು ಮುಖ ತಿರುಗಿಸಿಕೊಂಡೆ. ಯಜಮಾನರು ನೋಡಿದರು, ನೋಡದವರಂತೆ ಇದ್ದರು.

ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ವಯಸ್ಸಾದವರೊಬ್ಬರು ಬಂದರು. ಚಿಕ್ಕಣ್ಣ ಎಂದು ಹೆಸರು ಹೇಳಿದರು. ನಮ್ಮ ವಿಷಯ ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ.

"ಟೋಪಿ ಥರ ಇರೋವ ಬೇಕಾದ್ರೆ ತಗಳಿ. ಅವು ಹೆಣ್ಣು ಬ್ಯಾಡ ಅಂದಿರೋವು" ಎಂದರು. "ಬಾಲ ಇರೋವ ಮುಟ್ಬ್ಯಾಡಿ."

ಯಜಮಾನರು ಛತ್ರಿಯ ಹಿಡಿಕೆ ಸಿಕ್ಕಿಸಿ ಕೊಂಬೆ ಬಗ್ಗಿಸಿ ಹಿಡಿದರು. ನಾನು ಕತ್ತರಿಯಿಂದ ಮೂರು ಟೋಪಿ ಬಿಡಿಸಿಕೊಂಡೆ. ಕೈಗೆ ತೆಗೆದುಕೊಂಡು ನೋಡಿದರೆ ಮನಸ್ಸು ಇಳಿದುಹೋಯಿತು. ಮರದಲ್ಲಿ ಇರುವಾಗ ಏನೋ ಒಂದು ಕಂಡಿತ್ತು. ಕೈಯಲ್ಲಿ ಅದು ಬಿಚ್ಚಿಹೋದ ಸಿಂಬೆಯಂಥ ಹುಲ್ಲು. ಇದನ್ನು ಕಟ್ಟಿದರೆ ನಿಂಗರಾಜು ಗೂಡು ಎನ್ನುತ್ತಾರಾ? ಇದೇನು ಗಾಳಿಗೆ ಸಿಕ್ಕ ಕಸ ಎಂದುಬಿಟ್ಟರೆ? ಗೂಡು ಎಂದರೆ ಗೂಡಿನ ಹಾಗೆ ಕಾಣಬೇಕು. ಹೊಟ್ಟೆ ಇರಬೇಕು, ಬಾಲ ಇರಬೇಕು. ಒಂದಾದರೂ ಪೂರ್ತಿ ಗೂಡು ಬೇಕು ಎನ್ನಿಸಿತು.

ಮರದ ಒಂದು ಪಕ್ಕದಲ್ಲಿ, ಉಳಿದವುಗಳಿಂದ ದೂರ, ಅಂಥದ್ದೊಂದು ತೂಗುತ್ತಿತ್ತು. ಹತ್ತಿರ ಯಾವ ಹಕ್ಕಿಯೂ ಇರಲಿಲ್ಲ. ಹತ್ತು ನಿಮಿಷ ನೋಡಿದೆ (ಐದೇ ನಿಮಿಷ ಇದ್ದೀತು). ಯಾವುದೂ ಬರಲಿಲ್ಲ. ಬಾಲದ ತುದಿ ಹಿಡಿದು, ಮೊಬೈಲ್ ಟಾರ್ಚ್ ಹಾಕಿ, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದೆ. ಹುಲ್ಲು, ಅಷ್ಟೇ.

"ಖಾಲಿ" ಎಂದೆ.

"ಬ್ಯಾಡ ಕಣವ್ವ" ಎಂದರು ಚಿಕ್ಕಣ್ಣ.

"ನೋಡಿದೆನಲ್ಲ ಚಿಕ್ಕಣ್ಣ. ನಾನು ಸ್ಕೂಲಲ್ಲಿ ಇದನ್ನೇ ಪಾಠ ಮಾಡೋದು" ಎಂದೆ.

ಪಾಠ ಮಾಡುವವಳ ಮುಂದೆ ಎಮ್ಮೆ ಮೇಯಿಸುವವರು ಇನ್ನೇನು ಮಾತಾಡುತ್ತಾರೆ? ಎಮ್ಮೆ ಅತ್ತ ಹೋಯಿತು ಎಂದು ಹೇಳಿ ಹೊರಟುಹೋದರು. ಎಮ್ಮೆ ಅಲ್ಲೇ ಇತ್ತು.

ಅದನ್ನೂ ಬಿಡಿಸಿಕೊಂಡು, ನಾಲ್ಕೂ ಗೂಡುಗಳನ್ನು ಹಿಂದಿನ ಸೀಟಿನ ಮೇಲೆ ಟವೆಲ್ ಹಾಸಿ ಮಲಗಿಸಿದೆ. ಗೆದ್ದುಬಂದವಳ ಹಾಗೆ ಮುಂದೆ ಕೂತೆ. ಕೋಟೆ ದಾಟಿದ ಮೇಲೆ ಯಜಮಾನರು ಕಾರು ನಿಧಾನ ಮಾಡಿದರು.

"ಏನೋ ಕಿಚಿಕಿಚಿ ಅಂತಿದೆ ಕಣೇ."

"ಫ್ಯಾನ್ ಬೆಲ್ಟ್ ಇರ್ಬೇಕು. ಸರ್ವೀಸ್ ಮಾಡಿಸಿ ಎಷ್ಟು ದಿನ ಆಯ್ತು?"

"ಬೆಲ್ಟ್ ಸದ್ದು ಹಿಂದಿನಿಂದ ಬರತ್ತಾ?"

"ಹಳೇ ಕಾರು, ಎಲ್ಲಿಂದ ಬೇಕಾದ್ರೂ ಬರತ್ತೆ. ನೋಡ್ಕೊಂಡು ಓಡಿಸಿ."

ಅವರು ಓಡಿಸಿದರು. ಹುಣಸೂರು ಸೇರುವ ಹೊತ್ತಿಗೆ ಸದ್ದು ನಿಂತಿತ್ತು. ನೋಡಿ, ತಾನಾಗೇ ಸರಿಹೋಯ್ತು ಎಂದೆ. ಈ ಮಾತನ್ನು ನಾನೇ ಆಡಿದ್ದು. ಬರೆಯಬಾರದು ಎಂದುಕೊಂಡಿದ್ದೆ, ಬರೆದಿದ್ದೇನೆ.

ಬೆಕ್ಕು ಮುಟ್ಟದಿರಲಿ ಎಂದು ಗೂಡುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿಟ್ಟೆ. ಸೋಮವಾರ ಸ್ಕೂಲ್ ಬಿಡುತ್ತಿದ್ದಂತೆ ಇಬ್ಬರೂ ಕಂಪಲಾಪುರಕ್ಕೆ ಹೋದೆವು.

ಸಾಕಮ್ಮ ಬೋಳು ಮರದ ಕೆಳಗೆ ಕೂತು ಸೊಪ್ಪು ಕಟ್ಟುತ್ತಿದ್ದರು. ಹೊಗೆಸೊಪ್ಪಿನ ಅಂಟಿಗೆ ಕೈಯೆಲ್ಲ ಕಪ್ಪಗೆ. ಪೆಟ್ಟಿಗೆ ನೋಡಿ ಎದ್ದರು, ಕೈ ಸೀರೆಗೆ ಒರೆಸಿಕೊಂಡರು. ನಾನು ಉಪಾಯ ಹೇಳಿದೆ. ಅವರು ನಕ್ಕರು. ಕಳೆದ ವರ್ಷದಿಂದ ಅವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಉದ್ದನೆಯ ಬಿದಿರು ಗಳ ತಂದರು. ಮೂರು ಟೋಪಿಗಳನ್ನು ನಾರಿನಿಂದ ಗರಿಗಳಿಗೆ ಸಿಕ್ಕಿಸುವಷ್ಟರಲ್ಲಿ ಸಾಕಮ್ಮನ ಕತ್ತೂ ನನ್ನ ಕತ್ತೂ ಹಿಡಿದುಹೋಯಿತು. ನಾಲ್ಕನೆಯದು ಪೂರ್ತಿ ಗೂಡು. ಅದನ್ನು ಎದ್ದು ಕಾಣುವಲ್ಲಿ ಕಟ್ಟಬೇಕು ಎಂದು ಕೈಗೆ ತೆಗೆದುಕೊಂಡೆ.

ನಿಂಗರಾಜು ಬ್ಯಾರನ್ ಕಡೆಯಿಂದ ಬಂದದ್ದನ್ನು ಯಾರೂ ನೋಡಿರಲಿಲ್ಲ.

ಅವರು ಗಳ ನೋಡಿದರು. ಮರ ನೋಡಿದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿದರು. ನಾನು ಕಾಪಿ ಹೊಡೆಯುವಾಗ ಸಿಕ್ಕಿಬಿದ್ದ ಮಕ್ಕಳ ಹಾಗೆ ನಿಂತೆ.

"ಇಷ್ಟೆಲ್ಲಾ ಯಾಕ್ ಮಾಡಾಕೋದ್ರಿ ಟೀಚರಮ್ಮ?" ಎಂದರು ಮೆತ್ತಗೆ. "ಇನ್ನೊಂದ್ ವರ್ಷ ಬುಡು ಅಂದಿದ್ರೆ ಬುಡ್ತಿದ್ದೆ. ಅತ್ಗೆ ಕೇಳ್ನೂ ಇಲ್ಲ, ನೀವ್ ಕೇಳ್ನೂ ಇಲ್ಲ."

ಕೇಳಬಹುದಿತ್ತು. ಮೂರು ತಾಲ್ಲೂಕು ಸುತ್ತಿದವರಿಗೆ, ಹತ್ತು ಮಾರು ನಡೆದು ಬ್ಯಾರನ್ ಹತ್ತಿರ ಹೋಗಿ ಕೇಳಬೇಕು ಎಂದು ಹೊಳೆದಿರಲಿಲ್ಲ.

"ಕೊಡಿ ಇತ್ಲಾಗೆ, ನಾನೇ ಕಟ್ಕೊಡ್ತೀನಿ" ಎಂದು ಗೂಡು ಈಸಿಕೊಂಡರು. ಈಸಿಕೊಂಡವರು ಹಾಗೇ ನಿಂತರು. ಕೈಯಲ್ಲಿ ಒಂದು ಸಲ ತೂಗಿ ನೋಡಿದರು.

"ಭಾರ ಐತಲ್ಲ" ಎಂದರು.

ಗೂಡಿನ ಹೊಟ್ಟೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ, ಒಂದು ಪಕ್ಕದಲ್ಲಿ ಹೆಣಿಗೆ ಬಿಡಿಸಿದರು. ಒಳಗೆ ಮೂರು ಮರಿ ಇದ್ದವು. ಗರಿ ಆಗಷ್ಟೇ ಮೂಡುತ್ತಿತ್ತು. ಮೂರರ ಬಾಯಿಯೂ ತೆರೆದೇ ಇತ್ತು. ಜೀವ ಇರಲಿಲ್ಲ.

"ನಾನು ನೋಡಿದ್ದೆ" ಎಂದೆ. "ಬಾಲದೊಳಗೆ ಟಾರ್ಚ್ ಬಿಟ್ಟು ನೋಡಿದ್ದೆ, ಖಾಲಿ ಇತ್ತು."

"ಬಾಲದೊಳಗಿಂದ ನೋಡಿದ್ರೆ ಎಲ್ ಕಾಣ್ತದೆ? ಒಳಗೊಂದು ಕಟ್ಟೆ ಕಟ್ಟಿರ್ತವೆ, ಮೊಟ್ಟೆ ಮರಿ ಕೆಳೀಕ್ ಬೀಳ್ದಿರ್ಲಿ ಅಂತ. ಮರಿ ಇರೋದು ಕಟ್ಟೆಯಿಂದ ಆ ಕಡೀಕೆ." ಅವರು ಬೆರಳಿಟ್ಟು ತೋರಿಸಿದರು, ನಾನು ಮಕ್ಕಳಿಗೆ ತೋರಿಸುವ ಹಾಗೆಯೇ. ಇಷ್ಟು ವರ್ಷ ಬೋರ್ಡಿನ ಮೇಲೆ ಗೀಜಗದ ಗೂಡು ಬರೆದಿದ್ದೇನೆ. ಹೊರಗಿನದಷ್ಟೇ ಬರೆದಿದ್ದೇನೆ.

ಯಜಮಾನರು ನನ್ನ ಕಡೆ ನೋಡಿದರು. ಫ್ಯಾನ್ ಬೆಲ್ಟ್ ಎಂದು ಅವರು ಅನ್ನಲಿಲ್ಲ. ಇವತ್ತಿನವರೆಗೂ ಅಂದಿಲ್ಲ.

ನಿಂಗರಾಜು ಗೂಡನ್ನು ನೆಲಕ್ಕೆ ಹಾಕಲಿಲ್ಲ. ಬಾವಿ ಕಟ್ಟೆಯ ಮೇಲೆ ಇಟ್ಟರು.

"ಮರ ಕಡೀತೀನಿ ಅಂದಿದ್ದು ನಿಜ" ಎಂದರು. "ಗೂಡು ಕಡೀತೀನಿ ಅಂತ ನಾನು ಯಾವತ್ತಾರ ಅಂದಿದ್ನಾ?"

ಏಣಿಯವನು ಖಾಲಿ ಗೂಡು ಮಾತ್ರ ಎಂದು ಹೇಳಿ ಒಯ್ದಿದ್ದ. ನಾನೂ ಖಾಲಿ ಎಂದೇ ಹೇಳಿ ತಂದೆ. ಅವನು ಬಲ್ಬು ಹಾಕಲು ತೆಗೆದುಕೊಂಡ, ನಾನು ಮರ ಉಳಿಸಲು ತೆಗೆದುಕೊಂಡೆ. ಮರಿಗಳಿಗೆ ಇದರಲ್ಲಿ ಏನು ವ್ಯತ್ಯಾಸ? ಅವನಿಗೆ ಬೇಡ ಎಂದು ಹೇಳುವವರು ಯಾರೂ ಇರಲಿಲ್ಲ. ನನಗೆ ಚಿಕ್ಕಣ್ಣ ಎರಡು ಸಲ ಹೇಳಿದ್ದರು. ಆ ಜಾಲಿ ಮರಕ್ಕೆ ಹುಳ ಕಚ್ಚಿಕೊಂಡು ವಾಪಸ್ ಬಂದ ತಾಯಿ ಹಕ್ಕಿ, ಗೂಡಿದ್ದ ಕಡೆ ಬರೀ ಗಾಳಿ ಇರುವುದನ್ನು ನೋಡಿ ಏನು ಮಾಡಿತು ಎಂದು ಯೋಚಿಸಬಾರದು ಎಂದುಕೊಳ್ಳುತ್ತೇನೆ. ಪಾತ್ರೆ ತೊಳೆಯುವಾಗ, ಹಾಜರಿ ಕೂಗುವಾಗ ಅದೇ ಬರುತ್ತದೆ. ನನಗೆ ನಾಚಿಕೆ ಆಗಿದೆ. ಅದನ್ನು ಬೇರೆ ಮಾತಿನಲ್ಲಿ ಸುತ್ತಿ ಹೇಳುವ ಆಸೆ ಇಲ್ಲ.

ಸಾಕಮ್ಮ ಮರದ ಬುಡದಲ್ಲಿ ಕುಡುಗೋಲಿನಿಂದ ಮಣ್ಣು ಕೆರೆದರು. ಮೂರನ್ನೂ ಗೂಡಿನ ಸಮೇತ ಇಟ್ಟು ಮುಚ್ಚಿದರು. ಆಮೇಲೆ ಗಳ ತೆಗೆದುಕೊಂಡು, ನಾವು ಕಟ್ಟಿದ್ದ ಮೂರು ಟೋಪಿಗಳನ್ನು ಒಂದೊಂದಾಗಿ ಕೆಳಗೆ ಕೆಡವಿದರು.

ನನಗೆ ಏನಾದರೂ ಒಳ್ಳೆಯದನ್ನು ಹೇಳಬೇಕು ಎನ್ನಿಸಿತು. ಈ ಚಟ ಇನ್ನೂ ಹೋಗಿರಲಿಲ್ಲ.

"ಸಾಕಮ್ಮ, ನಿಂಗರಾಜು ಅವರೇ ಒಂದು ವರ್ಷ ಬಿಡ್ತೀನಿ ಅಂತಿದ್ದಾರಲ್ಲ. ಮರ ಒಂದು ಉಳಿದರೆ ಸಾಕು. ಮುಂದಿನ ಮಳೆಗಾಲಕ್ಕೆ ಅವು ಬಂದೇ ಬರ್ತವೆ" ಎಂದೆ.

ನಿಂಗರಾಜು ಹೌದು ಎಂದು ತಲೆಯಾಡಿಸಿದರು. "ಇರ್ಲಿ ಬುಡು ಅತ್ಗೆ. ಟ್ರ್ಯಾಕ್ಟ್ರು ಎಂಗೋ ತಿರುಗ್ತದೆ."

ಸಾಕಮ್ಮ ತಿರುಗಿ ತಮ್ಮ ಜಾಗಕ್ಕೆ ಹೋಗಿ ಕೂತರು. ಒಂದು ಕಡ್ಡಿ ತೊಡೆಯ ಮೇಲೆ ಇಟ್ಟುಕೊಂಡು ಎಲೆ ಜೋಡಿಸತೊಡಗಿದರು.

"ಬ್ಯಾಡ ನಿಂಗರಾಜ" ಎಂದರು. "ಕರೆಸು ಜೆಸಿಬಿಯ."

ನಿಂಗರಾಜು ಅವರ ಮುಖ ನೋಡಿದರು. ನಾನು, ಯಾಕೆ ಸಾಕಮ್ಮ ಎಂದೆ. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಒಲೆ ಆರಿಸಿದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದರು.

"ಮರ ಇದ್ರೆ ಅವು ಬತ್ತವೆ ಕಣ್ರವ್ವ. ಅವು ಬಂದ್ರೆ ನೀವೂ ಬತ್ತೀರಿ."

ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ಮರ ಹೋಯಿತು. ಬಾವಿಯೂ ಹೋಯಿತು. ನಾನು ನೋಡಲು ಹೋಗಲಿಲ್ಲ. ಆ ದಾರಿಯಲ್ಲಿ ಓಡಾಡುವ ನಮ್ಮ ಸ್ಕೂಲಿನ ಗುಮಾಸ್ತರು ಹೇಳಿದರು: ನೆಲ ಈಗ ಸಪಾಟಾಗಿದೆ, ಟ್ರ್ಯಾಕ್ಟರ್ ಸಲೀಸಾಗಿ ತಿರುಗುತ್ತದೆ, ಯಾರೋ ಹೆಂಗಸು ಪ್ಲಾಸ್ಟಿಕ್ ಟಾರ್ಪಾಲಿನ ಕೆಳಗೆ ಒಬ್ಬರೇ ಕೂತು ಸೊಪ್ಪು ಕಟ್ಟುತ್ತಿರುತ್ತಾರೆ.

ನಿಮ್ಮಲ್ಲಿ ಕೆಲವರು ಈಗಾಗಲೇ ಆ ಕೆರೆ ಅಂತರಸಂತೆಯಿಂದ ಎಷ್ಟು ದೂರ, ಎಡಕ್ಕಾ ಬಲಕ್ಕಾ ಎಂದು ಯೋಚಿಸುತ್ತಿರಬಹುದು. ಕೆಟ್ಟ ಉದ್ದೇಶ ಇಲ್ಲ ಎಂದು ಗೊತ್ತು, ನನಗೂ ಇರಲಿಲ್ಲ. ದಾರಿ ನಾನು ಸರಿಯಾಗಿ ಬರೆದಿಲ್ಲ, ಚಿಕ್ಕಣ್ಣ ಎಂಬ ಹೆಸರೂ ಅವರದ್ದಲ್ಲ. ಹುಡುಕಿಕೊಂಡು ಹೋಗಬೇಡಿ.

ಇನ್ನು ಯಾವತ್ತಾದರೂ, ಎಲ್ಲಾದರೂ, ನಿಮ್ಮ ಕಣ್ಣಿಗೆ ಗೀಜಗದ ಒಂದು ಗೂಡು ಬಿದ್ದರೆ, ದಯವಿಟ್ಟು ನನಗೆ ಹೇಳಬೇಡಿ.